ಕೊನೆಯ ಗಾಡಿಯ ಕೋಲು

ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಅವರ ಕನ್ನಡಕದ ಅಂಗಡಿಯ ಲೈಸೆನ್ಸಿನಲ್ಲಿ ಬಿಟ್ಟರೆ ಇನ್ನೆಲ್ಲೂ ಚಲಾವಣೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಗೊತ್ತಪ್ಪನವರು. ಯಾರು ಏನು ಹೇಳಲು ಬಾಯಿ ತೆರೆದರೂ, ಮಾತು ಅರ್ಧಕ್ಕೆ ಬರುವ ಮೊದಲೇ "ಗೊತ್ತಪ್ಪಾ, ಗೊತ್ತು" ಎಂದು ಅಂಗೈ ಎತ್ತಿ ತಡೆದುಬಿಡುವುದು ಅವರ ಅಭ್ಯಾಸ. ಮಾತ್ರೆ ಯಾವಾಗ ನುಂಗಬೇಕೆಂದು ಡಾಕ್ಟರು ಹೇಳಹೊರಟರೂ ಇದೇ, ಒಲೆಯ ಮೇಲಿನ ಹಾಲು ನೋಡಿಕೊಳ್ಳಿ ಎಂದು ಹೆಂಡತಿ ಹೇಳಹೊರಟರೂ ಇದೇ. ಇದರಿಂದಾಗಿ ಅವರ ಮನೆಯಲ್ಲಿ ಹಾಲು ಉಕ್ಕಿದ್ದಕ್ಕೆ ಲೆಕ್ಕವಿಲ್ಲ. ಒಮ್ಮೆ ಮದುವೆಗೆ ಹೊರಟವರು ಬೇರೆ ರೈಲು ಹತ್ತಿ, ಗುರುತು ಪರಿಚಯವಿಲ್ಲದ ಊರಿನಲ್ಲಿ ಉಡುಗೊರೆಯ ಸಮೇತ ಇಳಿದದ್ದೂ ಉಂಟು. ಆದರೂ ತಮಗೆ ಎಲ್ಲ ಗೊತ್ತು ಎಂಬ ನಂಬಿಕೆ ಮಾತ್ರ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಅವರ ಮನೆ ಹೊಳೆಯ ಈಚೆ, ಅಂಗಡಿ ಹೊಳೆಯಾಚೆಯ ಪೇಟೆಯಲ್ಲಿ. ನಡುವೆ ಅಜ್ಜಂದಿರ ಕಾಲದ ಒಂದು ಸೇತುವೆ. ಬಸ್ಸು ದಾಟುವಾಗ ಅದು ಎಷ್ಟು ನಡುಗುತ್ತಿತ್ತೆಂದರೆ, ಜಗಳವಾಡುತ್ತಾ ಹತ್ತಿದ ಗಂಡ ಹೆಂಡತಿ ನಡು ಸೇತುವೆಗೆ ಬರುವಷ್ಟರಲ್ಲಿ ರಾಜಿಯಾಗಿ ಕೈ ಹಿಡಿದುಕೊಂಡಿರುತ್ತಿದ್ದರು. ಅದನ್ನು ತೆಗೆದು ಹೊಸದು ಕಟ್ಟಬೇಕೆಂದು ಕೊನೆಗೂ ಅಪ್ಪಣೆಯಾಯಿತು. ಪಕ್ಕದಲ್ಲಿ ಕಟ್ಟೋಣವೆಂದರೆ ಎರಡೂ ದಡದಲ್ಲಿ ಮನೆಗಳು. ಮುಚ್ಚಿ ಕಟ್ಟೋಣವೆಂದರೆ ಜನರಿಗೆ ಅರ್ಧ ದಿನದ ಸುತ್ತು. ಹಾಗಾಗಿ ಹಳೆಯದನ್ನು ಉದ್ದಕ್ಕೆ ಸೀಳಿ ಅರ್ಧ ಕೆಡವುವುದು, ಅಲ್ಲಿ ಹೊಸದರ ಅರ್ಧ ಕಟ್ಟುವುದು, ಅಷ್ಟು ದಿನ ಉಳಿದರ್ಧದ ಮೇಲೆ ಜನ ಓಡಾಡುತ್ತಿರುವುದು ಎಂದು ತೀರ್ಮಾನವಾಯಿತು. ಹಲ್ಲು ಕೀಳುತ್ತಿರುವಾಗಲೇ ಊಟ ಮುಗಿಸು ಎಂದಂತೆ.

ಈ ಊಟ ಬಡಿಸುವ ಹೊಣೆ ಬಿದ್ದದ್ದು ಗೊತ್ತಪ್ಪನವರ ಹೆಂಡತಿಯ ತಮ್ಮನ ಮೇಲೆ. ಇಂಜಿನಿಯರು. ವಯಸ್ಸು ಚಿಕ್ಕದು, ಹಣೆಯ ಗೆರೆಗಳು ದೊಡ್ಡವು. ಉಳಿದಿದ್ದ ಅರ್ಧದಲ್ಲಿ ಒಂದು ಸಾಲು ಗಾಡಿಗಷ್ಟೇ ಜಾಗ. ಸೇತುವೆ ನಡುವೆ ತಿರುವಿದ್ದುದರಿಂದ ಒಂದು ತುದಿಯವರಿಗೆ ಇನ್ನೊಂದು ತುದಿ ಕಾಣದು. ಮೊದಮೊದಲು ಎರಡೂ ತುದಿಯ ಕಾವಲಿನವರು ಫೋನಿನಲ್ಲಿ ಮಾತಾಡಿಕೊಂಡು ಗಾಡಿ ಬಿಡುತ್ತಿದ್ದರು. ಒಂದು ದಿನ ಇಬ್ಬರೂ ಒಟ್ಟಿಗೇ "ನಾನು ಬಿಡ್ತಾ ಇದೀನಿ" ಅಂದರು, ಒಟ್ಟಿಗೇ ಬಿಟ್ಟರು. ಹಾಲಿನ ಲಾರಿಯೂ ಬಸ್ಸೂ ತಿರುವಿನಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತವು. ಹಿಂದೆ ಸರಿಯುವುದು ಇಬ್ಬರು ಡ್ರೈವರುಗಳ ಮರ್ಯಾದೆಗೂ ಒಪ್ಪಲಿಲ್ಲ. ಹಾಲು ಮೊಸರಾದ ಮೇಲೆ ದಾರಿ ಬಿಟ್ಟಿತು.

ಅಂದೇ ಇಂಜಿನಿಯರು ಕೋಲಿನ ನಿಯಮ ಮಾಡಿದ. ಇಡೀ ಸೇತುವೆಗೆ ಒಂದೇ ಕೋಲು. ಕೆಂಪು ಬಿಳಿ ಪಟ್ಟಿ, ತುದಿಗೆ ಹಿತ್ತಾಳೆಯ ಟೊಪ್ಪಿಗೆ. ಕೋಲು ಯಾವ ತುದಿಯಲ್ಲಿದೆಯೋ ಆ ತುದಿಯವರು ಮಾತ್ರ ಗಾಡಿ ಬಿಡಬೇಕು. ಒಂದು ಸಾಲು ಬಿಟ್ಟ ಮೇಲೆ ಕೊನೆಯ ಗಾಡಿಯವನ ಕೈಗೆ ಕೋಲು ಕೊಡಬೇಕು. ಅವನು ಅದನ್ನು ಆ ತುದಿಯಲ್ಲಿ ಕೊಟ್ಟು ಹೋಗಬೇಕು. ಕೋಲು ಬಂತೆಂದರೆ ಸೇತುವೆ ಖಾಲಿ ಎಂದರ್ಥ, ಇನ್ನು ಆ ಕಡೆಯವರ ಸರದಿ.

"ಕೋಲಿಲ್ಲದೆ ನಾನೇ ಬಂದು ಹೇಳಿದ್ರೂ ಗೇಟು ಎತ್ತಬೇಡಿ," ಎಂದು ಅವನು ಎರಡೂ ತುದಿಯವರಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಮನೆ ಕಡೆಯ ತುದಿಯಲ್ಲಿ ಇದ್ದವಳನ್ನು ಎಲ್ಲರೂ ಬಾವುಟದಮ್ಮ ಎನ್ನುತ್ತಿದ್ದರು. ಪೇಟೆ ಕಡೆಯಲ್ಲಿದ್ದವನು ಸೈನ್ಯದಿಂದ ನಿವೃತ್ತನಾಗಿ ಬಂದ ಅಡುಗೆಯವನು, ಕರೆಯುವ ಹೆಸರು ಮಿಲಿಟರಿ. ಹೇಳಿದ ಮಾತನ್ನು ಹೇಳಿದಷ್ಟೇ ಮಾಡುವುದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮೀರಿಸುವವರು.

ಇಷ್ಟೆಲ್ಲ ಗೊತ್ತಪ್ಪನವರಿಗೆ ಗೊತ್ತಿರಬೇಕಿತ್ತು. ಭಾನುವಾರ ಊಟಕ್ಕೆ ಬಂದಾಗ ಭಾವಮೈದುನ ವಿವರಿಸಲು ಹೊರಟಿದ್ದ ಕೂಡ.

"ಭಾವ, ಹೊಸದಾಗಿ ಒಂದು ಕೋಲು..."

"ಗೊತ್ತಪ್ಪಾ, ಗೊತ್ತು. ಅದಿರಲಿ, ನನ್ನ ವಿಷಯ ಏನಾಯ್ತು?"

ಅವರ ವಿಷಯವೆಂದರೆ, ಸೇತುವೆಯ ಕೆಲಸದಲ್ಲಿ ತಮಗೂ ಒಂದು ಸ್ಥಾನ ಬೇಕೆಂಬುದು. ಸಲಹೆಗಾರ, ಮಾರ್ಗದರ್ಶಕ, ಗೌರವ ಏನಾದರೊಂದು. ಇಂಜಿನಿಯರ ಭಾವ ಎಂದು ಹೇಳಿಕೊಂಡು ದಿನಾ ಸಾಲಿನ ತಲೆಗೆ ನುಗ್ಗಿ ಅವರಿಗೆ ಬೇಸರ ಬಂದಿತ್ತು.

"ನೋಡೋಣ ಭಾವ, ಏನಾದ್ರೂ ಮಾಡೋಣ," ಎಂದು ಅವನು ತಟ್ಟೆಯ ಕಡೆ ತಲೆ ಬಗ್ಗಿಸಿದ. ಆಮೇಲೆ ಅಕ್ಕನಿಗೆ ತಗ್ಗಿದ ದನಿಯಲ್ಲಿ ಹೇಳಿದ, "ಬುಧವಾರ ದೊಡ್ಡ ಇಂಜಿನಿಯರು ಬರ್ತಾರಕ್ಕ. ಗಾಡಿಗಳು ನಿಂತಿದ್ದು ಕಂಡರೆ ಸೇತುವೆ ಮುಚ್ಚಿಸಿ ಕೆಲಸ ಬೇರೆಯವರ ಕೈಗೆ ಕೊಡ್ತೀನಿ ಅಂದಿದ್ದಾರೆ. ಈ ಕೆಲಸ ಹೋದ್ರೆ ಮತ್ತೆ ನನಗೆ ಚರಂಡಿ ಮೋರಿ ಬಿಟ್ಟು ಬೇರೇನೂ ಕೊಡಲ್ಲ."

"ಏನೂ ಆಗಲ್ಲ ಸುಮ್ನಿರೋ," ಎಂದಳು ಅಕ್ಕ. "ಬುಧವಾರ ಮಧ್ಯಾಹ್ನ ನಾನೇ ಊಟ ತಂದುಕೊಡ್ತೀನಿ."

ಬುಧವಾರ ಬೆಳಿಗ್ಗೆ ಗೊತ್ತಪ್ಪನವರ ಸ್ಕೂಟರು ಸೇತುವೆಯ ಬಾಯಲ್ಲೇ ಕೆಮ್ಮಿ ನಿಂತಿತು. ಒದ್ದು ಒದ್ದು ಎಬ್ಬಿಸುವಷ್ಟರಲ್ಲಿ ಸಾಲಿನಲ್ಲಿದ್ದವರೆಲ್ಲ ಮುಂದೆ ಹೋಗಿಯಾಗಿತ್ತು. ಹೀಗೆ, ಬಾಳಿನಲ್ಲಿ ಮೊದಲ ಬಾರಿಗೆ, ಅವರು ಕೊನೆಯವರಾದರು. ಬಾವುಟದಮ್ಮ ಗೇಟು ಇಳಿಸಿ, ಓಡಿ ಬಂದು, ಎರಡೂ ಕೈಯಿಂದ ಕೋಲನ್ನು ಮುಂದೆ ಚಾಚಿದಳು.

"ಯಜಮಾನ್ರೇ, ಇದನ್ನ ತಗೊಂಡು ಆ ಕಡೆ..."

ಗೊತ್ತಪ್ಪನವರು ಕೋಲು ನೋಡಿದರು. ಹೊಸ ಬಣ್ಣ. ಬಿಸಿಲಿಗೆ ಥಳಥಳ ಹೊಳೆಯುವ ಹಿತ್ತಾಳೆ. ಎರಡು ಕೈಯಲ್ಲಿ ಕೊಡುತ್ತಿದ್ದಾಳೆ! ಏನಾದರೂ ಮಾಡೋಣ ಎಂದಿದ್ದ ಹುಡುಗ ಮಾಡಿಯೇಬಿಟ್ಟನಲ್ಲ ಎಂದು ಅವರ ಕಣ್ಣು ಒದ್ದೆಯಾಯಿತು.

"ಗೊತ್ತಮ್ಮಾ, ಗೊತ್ತು," ಎಂದರು. "ಮನೆಯಲ್ಲೇ ಮಾತಾಗಿದೆ."

ಇಂಜಿನಿಯರ ಭಾವನಿಗೆ ತಾನು ನಿಯಮ ಹೇಳಿಕೊಡುವುದೇ ಎಂದು ಆಕೆ ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದಳು. ಗೊತ್ತಪ್ಪನವರು ಬಣ್ಣ ಕೆಡದ ಹಾಗೆ ಕೋಲನ್ನು ಅಂಗಡಿಯ ಪರದೆಗೆಂದು ಒಯ್ಯುತ್ತಿದ್ದ ಬಟ್ಟೆಯಲ್ಲಿ ಸುತ್ತಿ, ಕಾಲ ಬಳಿ ನಿಲ್ಲಿಸಿಕೊಂಡು ಹೊರಟರು. ಆ ತುದಿಯಲ್ಲಿ ಮಿಲಿಟರಿ ಕುತ್ತಿಗೆ ಉದ್ದ ಮಾಡಿ ಕಾಯುತ್ತಿದ್ದ. ಬಂದ ಸ್ಕೂಟರಿನವರ ಕೈಯಲ್ಲಿ ಕೋಲಿಲ್ಲ. ಕೋಲಿಲ್ಲವೆಂದರೆ ಇವರು ಕೊನೆಯವರಲ್ಲ.

"ಬೇಗ ಬೇಗ ಹೋಗಿ ಸಾರ್, ಹಿಂದೆ ಇನ್ನೂ ಬರ್ತಾ ಇದಾರೆ," ಎಂದು ಕೈ ಬೀಸಿದ.

ಗೊತ್ತಪ್ಪನವರು ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸಿ ಪೇಟೆಗೆ ಹೋದರು. ಹಿಂದೆ ಬರುವವರಿಗಾಗಿ ಮಿಲಿಟರಿ ಕಾದೇ ಕಾದ. ಆ ತುದಿಯಲ್ಲಿ ಬಾವುಟದಮ್ಮ, ಪೇಟೆ ಕಡೆಯ ಸಾಲು ಬಂದು ಕೋಲು ವಾಪಸಾಗಲೆಂದು ಕಾದಳು. ಇಬ್ಬರದೂ ತಪ್ಪಿಲ್ಲ. ಸೇತುವೆ ಮಾತ್ರ ಒಂದು ಇರುವೆಯೂ ಇಲ್ಲದೆ ಬಿಕೋ ಎನ್ನುತ್ತಿತ್ತು.

ಅಂಗಡಿಯಲ್ಲಿ ಗೊತ್ತಪ್ಪನವರು ಕೋಲನ್ನು ಕೌಂಟರಿನ ಮೇಲೆ ಮಲಗಿಸಿ ಬಟ್ಟೆ ಬಿಚ್ಚಿದರು. ಎಡಗಡೆ ಅಂಗಡಿಯ ಕ್ಷೌರಿಕ ಕತ್ತರಿ ಹಿಡಿದುಕೊಂಡೇ ಬಂದ. ಬಲಗಡೆ ಫೋಟೋ ಸ್ಟುಡಿಯೋದವನು ಟೀ ಲೋಟದ ಜೊತೆ ಬಂದ.

"ಏನ್ ಸಾರ್ ಇದು?"

"ಇಲಾಖೆಯವರು ಕೊಟ್ಟದ್ದು. ಬೇಡ ಬೇಡ ಅಂದೆ, ಕೇಳಲಿಲ್ಲ."

"ಇದರಿಂದ ಏನು ಮಾಡಬಹುದು ಸಾರ್?"

ಇದು ಗೊತ್ತಪ್ಪನವರಿಗೂ ತಿಳಿಯದ ವಿಷಯ. ಆದರೆ ತಿಳಿಯದ ವಿಷಯಗಳೇ ಅವರಿಗೆ ಹೆಚ್ಚು ಸಲೀಸು. ಕೋಲನ್ನು ಎತ್ತಿ ಹಿಡಿದು, "ಹೇಗೆ ಹೇಳಲಿ? ಇಡೀ ಸೇತುವೆ ಈಗ ಈ ಕೈಯಲ್ಲಿದೆ ಅಂತ ತಿಳ್ಕೊಳ್ಳಿ. ನಾನು ಬೇಡ ಅಂದ್ರೆ ಒಂದು ಗಾಡಿ ಆಚೀಚೆ ಹೋಗೋ ಹಾಗಿಲ್ಲ," ಎಂದರು. ಅವರ ಬಾಳಿನಲ್ಲಿ ಇಷ್ಟು ಸತ್ಯವಾದ ಮಾತನ್ನು ಅವರು ಹಿಂದೆಂದೂ ಆಡಿರಲಿಲ್ಲ.

ಕ್ಷೌರಿಕ ಮೂಗಿನ ಮೇಲೆ ಬೆರಳಿಟ್ಟ. ಸ್ಟುಡಿಯೋದವನು, ಇಂಥ ಗಳಿಗೆಯಲ್ಲಿ ಫೋಟೋ ತೆಗೆಯದಿದ್ದರೆ ಕ್ಯಾಮೆರಾ ಇದ್ದು ಏನು ಪ್ರಯೋಜನ ಎಂದು ಅವರನ್ನು ಎಳೆದುಕೊಂಡು ಹೋದ. ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂರಿಸಿದ. ಗೊತ್ತಪ್ಪನವರು ಅಂಗಡಿಯ ಅತಿ ದುಬಾರಿ ಕನ್ನಡಕ ಏರಿಸಿಕೊಂಡು, ಕೋಲನ್ನು ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಿಸಿ, ದೂರದಲ್ಲಿರುವ ಏನನ್ನೋ ಕ್ಷಮಿಸುತ್ತಿರುವವರಂತೆ ನೋಡಿದರು. ಫೋಟೋ ಚೆನ್ನಾಗಿ ಬಂತು. ದೊಡ್ಡದು ಮಾಡಿ ಫ್ರೇಮು ಹಾಕಿಸುವುದೆಂದು ಅಲ್ಲೇ ನಿಶ್ಚಯವಾಯಿತು.

ಅಷ್ಟರಲ್ಲಿ ಪೇಟೆಯ ರಸ್ತೆಯುದ್ದಕ್ಕೂ ಹಾರನ್ನುಗಳು ಅರಚತೊಡಗಿದವು. ಸೇತುವೆಯ ಕಡೆಗೆ ಹೊರಟ ಗಾಡಿಗಳ ಬಾಲ ಬೆಳೆದು ಬೆಳೆದು ಕ್ಷೌರದ ಅಂಗಡಿಯ ಬಾಗಿಲಿಗೇ ಬಂದು ಮುಟ್ಟಿತ್ತು. ಸಾಲಿನಲ್ಲಿದ್ದ ಗಂಡಸರಲ್ಲಿ ಕೆಲವರು ಹೊತ್ತು ಹೋಗದೆ ಒಳಗೆ ಬಂದು ಗಡ್ಡ ಮಾಡಿಸಿಕೊಂಡರು. ಒಬ್ಬ ಎರಡು ಸಲ ಮಾಡಿಸಿಕೊಂಡ.

"ಸಾರ್, ಸೇತುವೆ ನಿಂತುಹೋಗಿದೆಯಂತೆ," ಎಂದ ಕ್ಷೌರಿಕ. "ನೀವು ಹೋಗದಿದ್ರೆ ಇದು ಬಗೆಹರಿಯಲ್ಲ."

ಆ ಮಾತೂ ನಿಜವೇ ಆಗಿತ್ತು. ಗೊತ್ತಪ್ಪನವರು ಕೋಲನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕಂಕುಳಿಗೇರಿಸಿ, ಸಾಲಿನ ಪಕ್ಕದಲ್ಲೇ ಬಿರುಸಾಗಿ ನಡೆದರು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಕಿಟಕಿಗೂ ನಿಂತು ಜನರ ಜೊತೆ ಸೇರಿ ಬೈದರು.

"ಯಾರೋ ಒಬ್ಬ ತಲೆ ಕೆಟ್ಟವನ ಬೇಜವಾಬ್ದಾರಿ ಇದು! ಅವನು ಈಗ ಎಲ್ಲೋ ನೆರಳಲ್ಲಿ ಹಾಯಾಗಿ ಕೂತಿರ್ತಾನೆ. ಅಂಥವನನ್ನ ಹಿಡಿದು ಈ ಬಿಸಿಲಲ್ಲಿ ಸೇತುವೆ ಉದ್ದಕ್ಕೂ ನಡೆಸಬೇಕು!"

ಬಸ್ಸಿನವರು ಚಪ್ಪಾಳೆ ತಟ್ಟಿದರು. ಇಷ್ಟು ನೇರವಾಗಿ ಮಾತಾಡುವವರು ಈಗೆಲ್ಲಿದ್ದಾರೆ ಎಂದು ಒಬ್ಬ ಅಜ್ಜಿ ಮೆಚ್ಚಿದಳು.

ಸೇತುವೆಯ ತುದಿಯಲ್ಲಿ ಭಾವಮೈದುನ ಮಿಲಿಟರಿಯ ಮುಂದೆ ಬೆವರು ಸುರಿಸುತ್ತಾ ನಿಂತಿದ್ದ.

"ಸೇತುವೆ ಖಾಲಿ ಇದೆಯಪ್ಪ. ನಾನೇ ಆ ತುದಿಯಿಂದ ಈ ತುದಿಗೆ ನೋಡ್ಕೊಂಡು ಬಂದೆ. ಗೇಟು ಎತ್ತು."

"ಕೋಲು ಸಾರ್?"

"ಕೋಲು ಕಳೆದುಹೋಗಿದೆ ಅಂತ ಹೇಳಿದೆನಲ್ಲ!"

"ನೀವೇ ಬಂದು ಹೇಳಿದ್ರೂ ಎತ್ತಬೇಡ ಅಂತ ಹೇಳಿದ್ದು ನೀವೇ ಸಾರ್. ಈಗ ನೀವೇ ಬಂದು ಹೇಳ್ತಾ ಇದೀರಿ. ಆವತ್ತಿನ ನಿಮ್ಮ ಮಾತು ಕೇಳಲೋ, ಇವತ್ತಿನ ನಿಮ್ಮ ಮಾತು ಕೇಳಲೋ?"

"ಇನ್ನೊಂದು ಕೋಲು ಮಾಡಿಸಿದ್ರೆ?"

"ಆಮೇಲೆ ಮೊದಲನೇದು ಸಿಕ್ಕಿದ್ರೆ ಎರಡು ಕೋಲು ಆಗ್ತವೆ ಸಾರ್. ಎರಡು ಕೋಲು ಅಂದ್ರೆ ಮತ್ತೆ ಹಾಲಿನ ಲಾರಿ."

ಇಂಜಿನಿಯರು ತಲೆಯ ಮೇಲೆ ಕೈ ಹೊತ್ತುಕೊಂಡ. ತಾನೇ ಕಟ್ಟಿದ ನಿಯಮ, ಎಲ್ಲೂ ಬಿರುಕಿಲ್ಲ. ಅದೇ ಹೊತ್ತಿಗೆ ಸಾಲಿನ ನಡುವಿನಿಂದ, ಕಾರು ಮುಂದೆ ಬಾರದೆ, ದೊಡ್ಡ ಇಂಜಿನಿಯರು ನಡೆದುಕೊಂಡೇ ಬಂದರು. ಶೂಗಳೆಲ್ಲ ಧೂಳು, ಮುಖ ಗಂಟು.

"ಗಾಡಿ ನಿಲ್ಲಲ್ಲ ಅಂದಿದ್ರಿ."

"ಒಂದು ಕೋಲು ಕಳೆದಿದೆ ಸಾರ್," ಎಂದ ಅವನು. ದನಿ ಉಡುಗಿತ್ತು. "ಬೆಳಿಗ್ಗೆ ಕೊನೆಯ ಗಾಡಿಯವರು ಯಾರೋ ಇಲ್ಲಿ ಕೊಡದೆ ಹೋಗಿದ್ದಾರೆ. ಯಾರು ಅಂತ ಕೇಳಿದ್ರೆ ಆ ತುದಿಯ ಬಾವುಟದಮ್ಮ ನಾಲಿಗೆ ಕಚ್ಚಿಕೊಳ್ತಾಳೆ, ಹೆಸರು ಹೇಳಲ್ಲ. ಕೆಂಪು ಬಿಳಿ ಪಟ್ಟಿಯ ಕೋಲು. ತುದಿಗೆ ಹಿತ್ತಾಳೆ."

ಗುಂಪನ್ನು ಸೀಳಿಕೊಂಡು ಮುಂದೆ ಬಂದು, ಬೈಯಲೆಂದು ಬಾಯಿ ತೆರೆದಿದ್ದ ಗೊತ್ತಪ್ಪನವರ ಬಾಯಿ ತೆರೆದೇ ಉಳಿಯಿತು. ಕೈ ತಾನಾಗಿ ಬಟ್ಟೆಯೊಳಗೆ ಹೋಗಿ ತುದಿಯನ್ನು ಮುಟ್ಟಿ ನೋಡಿತು. ತಣ್ಣಗೆ, ದುಂಡಗೆ, ಹಿತ್ತಾಳೆ. ಮೆಲ್ಲಗೆ ಹಿಂದೆ ಸರಿದು, ಕೋಲನ್ನು ಯಾವುದಾದರೂ ಬೇಲಿಯ ಬುಡದಲ್ಲಿ ಒರಗಿಸಿ, ಕಾಲಿಗೆ ಬುದ್ಧಿ ಹೇಳೋಣವೆಂದುಕೊಂಡರು. ಎರಡು ಹೆಜ್ಜೆ ಸರಿದೂ ಇದ್ದರು.

ಹಿಂದಿನಿಂದ ಕ್ಷೌರಿಕನ ದನಿ ಕೇಳಿತು. "ಸಾರ್, ದಾರಿ ಬಿಡಿ, ದಾರಿ ಬಿಡಿ! ನಮ್ಮ ಗೊತ್ತಪ್ಪನವರಿಗೆ ಇಲಾಖೆಯವರೇ ಅಧಿಕಾರ ಕೊಟ್ಟಿದ್ದಾರೆ. ಅವರನ್ನ ಕೇಳಿ, ಒಂದು ನಿಮಿಷದಲ್ಲಿ ಬಗೆಹರಿಸ್ತಾರೆ!" ಜೊತೆಗೆ ಸ್ಟುಡಿಯೋದವನು. ಅವನು ಫ್ರೇಮು ಹಾಕಿದ ಫೋಟೋವನ್ನು ಎಲ್ಲರಿಗೂ ಕಾಣಲೆಂದು ಎತ್ತಿ ಹಿಡಿದು ತಂದು, ನೇರವಾಗಿ ಭಾವಮೈದುನನ ಕೈಗೆ ಕೊಟ್ಟ.

ಭಾವಮೈದುನ ಫೋಟೋ ನೋಡಿದ. ಎತ್ತರದ ಕುರ್ಚಿ, ದುಬಾರಿ ಕನ್ನಡಕ, ಮೊಣಕಾಲ ಮೇಲೆ ಕೋಲು. ತಲೆಯೆತ್ತಿ ಭಾವನನ್ನು ನೋಡಿದ. ಆಮೇಲೆ ಫೋಟೋವನ್ನು ಮಗುಚಿ ಎದೆಗೆ ಒತ್ತಿಕೊಂಡ.

"ಏನದು?" ಎಂದರು ದೊಡ್ಡ ಇಂಜಿನಿಯರು.

"ಏನಿಲ್ಲ ಸಾರ್. ಮನೆಯವರ ಫೋಟೋ."

"ಸೇತುವೆ ಹೀಗೆ ನಿಂತಿರುವಾಗ ಮನೆಯವರ ಫೋಟೋ ನೋಡ್ತೀರೇನ್ರೀ? ಯಾರ ತಪ್ಪು ಇದು, ಅದನ್ನ ಹೇಳಿ."

"ನನ್ನದೇ ಸಾರ್," ಎಂದ ಅವನು. "ಕೋಲು ನನ್ನ ಹೊಣೆ. ಕಳೆದದ್ದು ನಾನೇ."

ಗೊತ್ತಪ್ಪನವರು ಭಾವಮೈದುನನ ಮುಖ ನೋಡಿದರು. ಆ ಹುಡುಗ ಇವರ ಮದುವೆಯ ದಿನ ಅಕ್ಕನನ್ನು ಬಿಡೆನೆಂದು ಅವಳ ಸೆರಗು ಹಿಡಿದು ಅತ್ತವನು. ಈಗ ನಿಂತಲ್ಲೇ ನಿಂತು, ಯಾರ ಕಡೆಗೂ ಬೆರಳು ತೋರಿಸದೆ, ಚರಂಡಿ ಮೋರಿಗೆ ಹೋಗಲು ತಯಾರಾಗಿದ್ದಾನೆ. ಅವರು ಮುಂದೆ ಬಂದರು. ಬಟ್ಟೆ ಬಿಚ್ಚಿದರು. ಕೋಲು ಬಿಸಿಲಿಗೆ ಹೊಳೆಯಿತು.

"ಅವನದಲ್ಲ ಸಾರ್. ಕೋಲು ನನ್ನ ಹತ್ರ ಇದೆ. ನನಗೆ ಕೊಟ್ಟ ಮರ್ಯಾದೆ ಅಂದುಕೊಂಡು ತಗೊಂಡು ಹೋದೆ. ಅದು ಯಾಕೆ, ಏನು ಅಂತ ನನಗೆ... ನನಗೆ ಗೊತ್ತಿರಲಿಲ್ಲ."

ಕ್ಷೌರಿಕ ಪಕ್ಕದವನ ತೋಳು ಹಿಡಿದುಕೊಂಡ. ಸ್ಟುಡಿಯೋದವನಿಗೆ ಕ್ಯಾಮೆರಾ ತರಲಿಲ್ಲವಲ್ಲ ಎಂದು ಸಂಕಟವಾಯಿತು. ಗೊತ್ತಪ್ಪನವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮಿಲಿಟರಿಯ ಮುಂದೆ ಚಾಚಿದರು. ಮಿಲಿಟರಿ ಕೈ ಕಟ್ಟಿಕೊಂಡೇ ನಿಂತಿದ್ದ.

"ತಗೊಳೋ ಹಾಗಿಲ್ಲ ಸಾರ್."

"ಯಾಕಯ್ಯಾ?" ಎಂದು ಮೂವರೂ ಒಟ್ಟಿಗೇ ಕಿರುಚಿದರು.

"ಕೋಲು ಸೇತುವೆ ಮೇಲಿಂದ ಬಂದ್ರೆ ತಗೋಬೇಕು ಅಂತ ನಿಯಮ. ಇದು ಪೇಟೆ ಕಡೆಯಿಂದ ಬಂದಿದೆ. ಇದನ್ನ ಕೊಟ್ಟಿದ್ದು ಆ ತುದಿಯವರು. ಆ ತುದಿಗೇ ವಾಪಸ್ ಹೋಗಿ, ಅಲ್ಲಿಂದ ಸರಿಯಾಗಿ ಬರಲಿ."

"ಯಾರು ಒಯ್ಯಬೇಕು?"

"ತಂದವರೇ. ನಡ್ಕೊಂಡು. ಗಾಡಿ ಬಿಡೋಕೆ ಆಗಲ್ಲ, ಮನುಷ್ಯನನ್ನ ತಡೆಯೋಕೆ ನಿಯಮ ಇಲ್ಲ."

ದೊಡ್ಡ ಇಂಜಿನಿಯರು ಮಿಲಿಟರಿಯನ್ನೇ ನೋಡುತ್ತಾ ನಿಂತರು. ಅವರ ಮುಖದ ಗಂಟು ಒಂದು ಎಳೆ ಸಡಿಲವಾಯಿತು.

ಗೊತ್ತಪ್ಪನವರು ಹೊರಟರು. ನೆತ್ತಿಯ ಮೇಲೆ ಬಿಸಿಲು, ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಬ್ಬಿಣದ ಸರಳುಗಳ ನಡುವೆ ಕೆಲಸ ನಿಲ್ಲಿಸಿ ನೋಡುವ ಕಟ್ಟಡದವರು. ಇಡೀ ಸೇತುವೆಗೆ ಅವರೊಬ್ಬರೇ. ನಾಚಿಕೆಯಿಂದ ತಲೆ ತಗ್ಗಿಸಿ, ಕೋಲನ್ನು ನೆಲಕ್ಕೆ ಎಳೆದುಕೊಂಡು ನಡೆದರು. ತಿರುವು ದಾಟಿದ್ದೇ, ಆ ತುದಿಯಲ್ಲಿ ಬೆಳಗಿನಿಂದ ಬೇಯುತ್ತಿದ್ದ ಜನಕ್ಕೆ ಕೋಲು ಕಂಡಿತು. ಹೋ ಎಂದು ಗುಲ್ಲೆದ್ದಿತು. ಶಿಳ್ಳೆ, ಚಪ್ಪಾಳೆ, ಬಸ್ಸು ಲಾರಿಗಳ ಹಾರನ್ನು ಒಟ್ಟಿಗೇ. ಯಾರೋ ಜೈ ಅಂದರು. ಗೊತ್ತಪ್ಪನವರ ತಲೆ ತುಸು ಮೇಲೆದ್ದಿತು. ಆಮೇಲೆ ಬೆನ್ನು. ಆಮೇಲೆ ಕೋಲು. ಅವರು ಬೇಡ ಬೇಡವೆಂದರೂ ಕಾಲುಗಳು ಕವಾಯತಿನ ಲಯಕ್ಕೆ ಬಿದ್ದವು.

ಬಾವುಟದಮ್ಮ ಕೋಲು ಇಸಿದುಕೊಂಡು, ಗೇಟು ಎತ್ತಿದಳು. ಮೊದಲ ಬಸ್ಸಿನ ಕಿಟಕಿಯಿಂದ ಊಟದ ಡಬ್ಬಿ ಹಿಡಿದ ಹೆಂಡತಿ ತಲೆ ಹೊರಗೆ ಹಾಕಿದಳು.

"ರೀ, ನೀವಾ? ಯಾಕ್ರೀ ನಡ್ಕೊಂಡು ಬಂದ್ರಿ? ಸ್ಕೂಟರ್ ಎಲ್ಲಿ?"

"ಆಮೇಲೆ ಹೇಳ್ತೀನಿ."

"ಯಾರೋ ಕೋಲು ಕದ್ದುಕೊಂಡು ಹೋಗಿದ್ನಂತೆ. ಪಾಪ ನನ್ನ ತಮ್ಮ! ಆ ಕಳ್ಳ ನನ್ನ ಕೈಗೆ ಸಿಗಬೇಕು, ಮಾಡ್ತೀನಿ!"

"ಸಿಗ್ತಾನೆ, ಸಿಗ್ತಾನೆ," ಎಂದು ಗೊತ್ತಪ್ಪನವರು ಬಸ್ಸು ಹತ್ತಿ, ಅವಳಿಂದ ಆದಷ್ಟು ದೂರದ ಸೀಟಿನಲ್ಲಿ ಕೂತರು.

ಪೇಟೆ ಕಡೆಯಲ್ಲಿ ಸಾಲಿನ ಕೊನೆಯ ಗಾಡಿ ಕೋಲು ತಂದುಕೊಟ್ಟಿತು. ಮಿಲಿಟರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೆಲ್ಯೂಟ್ ಹೊಡೆದು ಗೇಟು ಎತ್ತಿದ. ದೊಡ್ಡ ಇಂಜಿನಿಯರು ಗಾಡಿಗಳು ಹರಿಯುವುದನ್ನು ನೋಡಿ, ಭಾವಮೈದುನನ ಕಡೆ ತಿರುಗಿದರು.

"ಊರೆಲ್ಲ ಬೈದರೂ, ನೀವು ಗೋಗರೆದರೂ ಈ ಮನುಷ್ಯ ಒಂದು ಸೈಕಲ್ ಕೂಡ ಬಿಡಲಿಲ್ಲ ನೋಡಿ. ಬರೆದವರಿಗೇ ಬಗ್ಗದ ನಿಯಮ ನಾನು ನೋಡಿದ್ದು ಇದೇ ಮೊದಲು," ಎಂದರು. "ಕೆಲಸ ನೀವೇ ಮುಗಿಸಿ. ಆದ್ರೆ ಕೋಲು ಅಂದ್ರೆ ಏನು ಅಂತ ಜನಕ್ಕೆ ಮೊದಲೇ ತಿಳಿಯೋ ಹಾಗೆ ಎರಡೂ ತುದಿಗೆ ಬೋರ್ಡ್ ಹಾಕಿಸಿ. ಓದೋಕೆ ಪುರುಸೊತ್ತಿಲ್ಲದವರಿಗೆ ಒಂದು ಚಿತ್ರವೂ ಇರಲಿ."

"ಚಿತ್ರ ಎಲ್ಲಿಂದ ತರೋದು ಸಾರ್?"

ದೊಡ್ಡ ಇಂಜಿನಿಯರು ಕೈ ಚಾಚಿ, ಅವನು ಇನ್ನೂ ಎದೆಗೆ ಒತ್ತಿಕೊಂಡಿದ್ದ ಫ್ರೇಮನ್ನು ಮೆಲ್ಲಗೆ ಬಿಡಿಸಿಕೊಂಡರು.

ಬೋರ್ಡುಗಳು ಬಂದವು. ಆಳೆತ್ತರದ ಗೊತ್ತಪ್ಪನವರು, ಎತ್ತರದ ಕುರ್ಚಿ, ದುಬಾರಿ ಕನ್ನಡಕ, ಮೊಣಕಾಲ ಮೇಲೆ ಕೋಲು. ಕೆಳಗೆ ದಪ್ಪ ಅಕ್ಷರಗಳಲ್ಲಿ: 'ಕೊನೆಯ ಗಾಡಿಯವರ ಗಮನಕ್ಕೆ. ಕೋಲನ್ನು ಆ ತುದಿಯಲ್ಲಿ ಕೊಟ್ಟು ಹೋಗಿ. ಇವರ ಹಾಗೆ ಅಂಗಡಿಗೆ ಒಯ್ಯಬೇಡಿ.' ಹೆಂಡತಿ ಅದನ್ನು ಓದಿದ ದಿನ ಮನೆಯಲ್ಲಿ ಏನಾಯಿತೆಂಬುದು ಈ ಕಥೆಗೆ ಸಂಬಂಧಿಸಿದ್ದಲ್ಲ. ಹೊರ ಊರಿನ ಬಸ್ಸಿನವರು ಮಾತ್ರ ಫೋಟೋ ನೋಡಿ, ಸೇತುವೆ ಕಟ್ಟಿಸಿದ ಪುಣ್ಯಾತ್ಮರು ಇವರೇ ಇರಬೇಕೆಂದು ಕೈ ಮುಗಿಯುವುದುಂಟು.

ಗೊತ್ತಪ್ಪನವರು ಈಗ ಸಾಲಿನ ತಲೆಗೆ ನುಗ್ಗುವುದಿಲ್ಲ. ದಿನಾ ಬೆಳಿಗ್ಗೆ ಬೋರ್ಡಿನ ಪಕ್ಕದಲ್ಲೇ ಸ್ಕೂಟರು ನಿಲ್ಲಿಸಿ, ತಮ್ಮ ಸರದಿ ಬರುವವರೆಗೆ, ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ತೆಗೆದು ಫೋಟೋದ ಮೇಲಿನ ಸಿಮೆಂಟಿನ ಧೂಳನ್ನು ನಿಧಾನವಾಗಿ ಒರೆಸುತ್ತಾರೆ. ಹಣೆ, ಮೂಗು, ಕನ್ನಡಕ, ಕೋಲು, ಕೋಲಿನ ತುದಿಯ ಹಿತ್ತಾಳೆ ಎಲ್ಲವನ್ನೂ ಫಳಫಳ ಮಾಡುತ್ತಾರೆ. ಕೆಳಗಿನ ಅಕ್ಷರಗಳ ಮೇಲಿನ ಧೂಳನ್ನು ಮಾತ್ರ ಮುಟ್ಟುವುದಿಲ್ಲ.